ಸ್ಕೈರಿಮ್‌ನಲ್ಲಿ ಕವಚ ಆರಿಸುವುದು ಹೇಗೆ: 567ರ ಲೆಕ್ಕ

ಸ್ಕೈರಿಮ್ ಎಂಬ ವಿಡಿಯೊ ಗೇಮ್ ಆಡುವವರು ಕವಚ ಆರಿಸುವಾಗ ಹೆಸರಿಗಿಂತ ಮೊದಲು ನೆನಪಿಡಬೇಕಾದ್ದು 567 ಎಂಬ ಅಂಕಿ. ತಲೆ, ಎದೆ, ಕೈ, ಕಾಲು ನಾಲ್ಕಕ್ಕೂ ಕವಚ ತೊಟ್ಟಾಗ ಅವುಗಳ ಒಟ್ಟು ಬಲ ತೋರಿಸುವ ಆರ್ಮರ್ ರೇಟಿಂಗ್ 567 ಮುಟ್ಟಿದರೆ ಕತ್ತಿ, ಕೊಡಲಿ, ಬಾಣದ ಏಟಿನಲ್ಲಿ ನೂರಕ್ಕೆ 80 ಪಾಲು ಕಡಿಮೆಯಾಗುತ್ತದೆ. ಅದಕ್ಕಿಂತ ಹೆಚ್ಚು ಕಡಿಮೆ ಮಾಡಲು ಆಟ ಬಿಡುವುದಿಲ್ಲ. ರೇಟಿಂಗ್ 900 ಆದರೂ ಅಷ್ಟೇ. ಆದ್ದರಿಂದ ಅತಿ ದೊಡ್ಡ ಅಂಕಿಯ ಕವಚ ಯಾವುದು ಎಂದು ಹುಡುಕುವುದಕ್ಕಿಂತ, ಅತಿ ಕಡಿಮೆ ಭಾರ ಹೊತ್ತು 567 ಮುಟ್ಟುವುದು ಹೇಗೆ ಎಂದು ಯೋಚಿಸುವುದು ಲಾಭ.

2011ರ ನವೆಂಬರ್ 11ರಂದು ಬಂದ ಈ ಆಟ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುವುದರಿಂದ ತುಮಕೂರಿನ ಹಾಸ್ಟೆಲ್ ರೂಮಿಗೂ ತಿಪಟೂರಿನ ಮನೆಗೂ ಇಂದಿಗೂ ಎಟುಕುವ ಆಟ. ಕನ್ನಡದಲ್ಲಿ ಮೆನು ಇಲ್ಲ. ಹಾಗಾಗಿ ಪರದೆಯ ಮೇಲೆ ಕಾಣುವ ಹೆಸರುಗಳನ್ನು ಇಲ್ಲಿ ಇದ್ದಂತೆಯೇ ಬರೆದಿದ್ದೇವೆ. ಅಂಕಿಗಳೆಲ್ಲ ಮಾಡ್ (ಆಟವನ್ನು ಬದಲಿಸುವ ಹೊರಗಿನ ಫೈಲು) ಹಾಕದ ಮೂಲ ಆಟದವು.

ಅಂಕಿ ಬಂದದ್ದು ಎಲ್ಲಿಂದ

ರೇಟಿಂಗಿನ ಒಂದೊಂದು ಅಂಕಕ್ಕೂ ಏಟು ಶೇ 0.12ರಷ್ಟು ತಗ್ಗುತ್ತದೆ. ಇದಲ್ಲದೆ ಪರದೆಯ ಮೇಲೆ ಎಲ್ಲೂ ಕಾಣದ ಒಂದು ಲೆಕ್ಕವಿದೆ: ತೊಟ್ಟ ಪ್ರತಿ ತುಣುಕಿಗೂ ಶೇ 3. ನಾಲ್ಕು ತುಣುಕಿಗೆ 12. ಉಳಿದ 68 ಪಾಲು ರೇಟಿಂಗಿನಿಂದ ಬರಬೇಕು. 68ನ್ನು 0.12ರಿಂದ ಭಾಗಿಸಿದರೆ ಸಿಗುವುದೇ 567. ಗುರಾಣಿಯನ್ನೂ ಹಿಡಿದರೆ ತುಣುಕು ಐದಾಗುತ್ತದೆ, ಆಗ 542 ಸಾಕು.

ಈ ಗುಟ್ಟಿನ ಶೇ 12 ಆಟದ ಶುರುವಿನಲ್ಲಿ ಬಹಳ ದೊಡ್ಡದು. ಕಬ್ಬಿಣದ ಪೂರ್ತಿ ಸೆಟ್ಟಿನ ಮೂಲ ರೇಟಿಂಗ್ 60, ತೂಕ 46. ಚಕ್ಕಳದ ಹೈಡ್ ಸೆಟ್ಟಿನ ರೇಟಿಂಗ್ 40, ತೂಕ ಬರೀ 9. ಸ್ಕಿಲ್, ಅಂದರೆ ಆ ಬಗೆಯ ಕವಚದಲ್ಲಿನ ಪಳಗಿಕೆ, 15 ಇರುವಾಗ ಕಬ್ಬಿಣ ತೊಟ್ಟವರಿಗೆ ಏಟು ಸುಮಾರು ಶೇ 20 ತಗ್ಗುತ್ತದೆ, ಹೈಡ್ ತೊಟ್ಟವರಿಗೆ ಶೇ 17. ವ್ಯತ್ಯಾಸ ಮೂರೇ ಪಾಲು, ಭಾರ ಮಾತ್ರ ಐದು ಪಟ್ಟು. ಆದ್ದರಿಂದ ಮೊದಲ ಹೆಜ್ಜೆ ಒಂದೇ: ಯಾವುದು ಸಿಕ್ಕಿದರೂ ಸರಿ, ನಾಲ್ಕೂ ಜಾಗ ತುಂಬಿಸಿ. ಒಳ್ಳೆಯ ಎದೆಕವಚ ಸಿಕ್ಕಿತೆಂದು ಬರಿತಲೆಯಲ್ಲಿ, ಬರಿಗೈಯಲ್ಲಿ ಗುಹೆಗೆ ನುಗ್ಗುವವರು ಪುಕ್ಕಟೆ ಸಿಗುವ ಆರು ಪಾಲನ್ನು ಕಳೆದುಕೊಳ್ಳುತ್ತಾರೆ.

ಕೊನೆಯ ಅಂಕಗಳನ್ನಂತೂ ಹಗುರವಾಗಿ ಕಾಣಬೇಡಿ. ರೇಟಿಂಗ್ 483 ಇದ್ದರೆ ಏಟು ಶೇ 70 ತಗ್ಗುತ್ತದೆ. ಅಂದರೆ 100ರ ಏಟಿನಲ್ಲಿ 30 ಮೈಗೆ ಬೀಳುತ್ತದೆ. 567ಕ್ಕೆ ಏರಿಸಿದರೆ ಬೀಳುವುದು 20. ಕೇವಲ 84 ಅಂಕಕ್ಕೆ ಬೀಳುವ ಏಟಿನ ಮೂರರಲ್ಲೊಂದು ಪಾಲು ಹೋಯಿತು. ‘ಇಷ್ಟಾಯಿತಲ್ಲ, ಸಾಕು’ ಎಂದು 480ರ ಹತ್ತಿರ ಕೈಬಿಡುವುದೇ ಹೆಚ್ಚು ನಷ್ಟದ ತಪ್ಪು. ಆಟದ ಅತಿ ಕಠಿಣ ಹಂತವಾದ ಲೆಜೆಂಡರಿ ಡಿಫಿಕಲ್ಟಿಯಲ್ಲಿ ಶತ್ರುವಿನ ಏಟು ಮೂರು ಪಟ್ಟಾಗುವುದರಿಂದ ಈ ವ್ಯತ್ಯಾಸ ಅಲ್ಲಿ ಜೀವ ಉಳಿಸುತ್ತದೆ.

ಹೆವಿಯೋ ಲೈಟೋ: ಒಮ್ಮೆ ನಿರ್ಧರಿಸಿ, ಬದಲಿಸಬೇಡಿ

ಹೆವಿ ಆರ್ಮರ್, ಲೈಟ್ ಆರ್ಮರ್ ಎರಡೂ ಬೇರೆ ಬೇರೆ ಸ್ಕಿಲ್. ಯಾವುದನ್ನು ತೊಟ್ಟು ಏಟು ತಿನ್ನುತ್ತೀರೋ ಅದೊಂದೇ ಬೆಳೆಯುತ್ತದೆ. ಹೆವಿ ಎದೆಕವಚಕ್ಕೆ ಲೈಟ್ ಬೂಟು ಸೇರಿಸಿದರೆ ಎರಡೂ ಅರ್ಧಂಬರ್ಧ ಬೆಳೆದು, ಮುಂದೆ ಹೇಳುವ ಪರ್ಕ್‌ಗಳೂ (ಲೆವೆಲ್ ಏರಿದಾಗ ಆರಿಸಿಕೊಳ್ಳುವ ವಿಶೇಷ ಶಕ್ತಿಗಳು) ಕೆಲಸಕ್ಕೆ ಬಾರದೆ ಹೋಗುತ್ತವೆ.

ಮಧುಗಿರಿಯ ಏಕಶಿಲಾ ಬೆಟ್ಟ ಹತ್ತಿದವರಿಗೆ ಗೊತ್ತು, ಬುಡದಲ್ಲಿ ಹಗುರ ಅನ್ನಿಸಿದ ಚೀಲ ಅರ್ಧ ದಾರಿಯಲ್ಲಿ ಹೆಗಲು ಕಡಿಯುತ್ತದೆ. ಆಟದಲ್ಲೂ ಹಾಗೆಯೇ. ನೀವು ಹೊರಬಲ್ಲ ಭಾರ ಶುರುವಿನಲ್ಲಿ 300. ಲೆವೆಲ್ ಏರಿದಾಗ ಸ್ಟ್ಯಾಮಿನಾ ಆರಿಸಿಕೊಂಡರೆ ಪ್ರತಿ ಸಲ 5 ಸೇರುತ್ತದೆ. ಡೇಡ್ರಿಕ್ ಸೆಟ್ಟಿನ ತೂಕವೇ 81. ಅದರ ಮೇಲೆ ಎರಡು ಆಯುಧ, ಔಷಧದ ಶೀಶೆಗಳು, ಒಂದೊಂದು 15 ತೂಗುವ ಡ್ರ್ಯಾಗನ್ ಮೂಳೆ. ಎರಡು ಡ್ರ್ಯಾಗನ್ ಕೊಂದ ಮೇಲೆ ಓಡಲಾಗದೆ ಕಾಲೆಳೆಯುತ್ತಾ ಊರು ಸೇರಬೇಕು. ಹೆವಿ ತೊಟ್ಟು ಓಡಿದರೆ ಸ್ಟ್ಯಾಮಿನಾ ಬೇಗ ಖಾಲಿಯಾಗುತ್ತದೆ, ಹೆಜ್ಜೆಯ ಸದ್ದೂ ಜಾಸ್ತಿ.

ಎದುರೆದುರು ನಿಂತು ಹೊಡೆಯುವವರು ಹೆವಿ, ಅಡಗಿ ಬಾಣ ಬಿಡುವವರು ಲೈಟ್ ಎಂಬುದು ರೂಢಿಯ ಮಾತು. ನಮ್ಮ ಅಭಿಪ್ರಾಯದಲ್ಲಿ ಇಬ್ಬರಿಗೂ ಲೈಟೇ ಹೆಚ್ಚು ಅನುಕೂಲ. ಕಾರಣ ಪರ್ಕ್ ಲೆಕ್ಕದಲ್ಲಿದೆ.

ಪರ್ಕ್‌ಗಳು

ಹೆವಿಯಲ್ಲಿ ಜಗ್ಗರ್‌ನಾಟ್ ಐದು ಹಂತ. ಐದೂ ಪಡೆದರೆ ರೇಟಿಂಗ್ ಇಮ್ಮಡಿ. ಸ್ಕಿಲ್ 30ಕ್ಕೆ ವೆಲ್ ಫಿಟೆಡ್: ನಾಲ್ಕೂ ಹೆವಿಯಾಗಿದ್ದರೆ ಶೇ 25 ಹೆಚ್ಚಳ. 50ಕ್ಕೆ ಟವರ್ ಆಫ್ ಸ್ಟ್ರೆಂತ್, ಅದನ್ನು ದಾಟಿ 70ಕ್ಕೆ ಮ್ಯಾಚಿಂಗ್ ಸೆಟ್: ನಾಲ್ಕೂ ಒಂದೇ ಜಾತಿಯದಾಗಿದ್ದರೆ ಇನ್ನೂ ಶೇ 25. ಒಟ್ಟು ಎಂಟು ಪರ್ಕ್. ಕವಚದ ಭಾರವೇ ಲೆಕ್ಕಕ್ಕೆ ಬಾರದಂತೆ ಮಾಡುವ ಕಂಡೀಷನಿಂಗ್ ಸಿಗುವುದು ಸ್ಕಿಲ್ 70ಕ್ಕೆ, ಅದೂ ಫಿಸ್ಟ್ಸ್ ಆಫ್ ಸ್ಟೀಲ್, ಕುಷನ್ಡ್ ಎರಡನ್ನೂ ಪಡೆದ ಮೇಲೆ. ಇನ್ನೂ ಮೂರು ಪರ್ಕ್ ಹೋಯಿತು.

ಲೈಟಿನಲ್ಲಿ ಅಜೈಲ್ ಡಿಫೆಂಡರ್ ಐದು ಹಂತ, 30ಕ್ಕೆ ಕಸ್ಟಮ್ ಫಿಟ್, 70ಕ್ಕೆ ಮ್ಯಾಚಿಂಗ್ ಸೆಟ್. ಅದೇ ಲಾಭ, ಏಳೇ ಪರ್ಕ್. ಭಾರ ಕಳೆಯುವ ಅನ್‌ಹಿಂಡರ್ಡ್ ಸ್ಕಿಲ್ 50ಕ್ಕೇ ಒಂದೇ ಪರ್ಕಿಗೆ ಸಿಗುತ್ತದೆ. ಹನ್ನೊಂದರ ಜಾಗದಲ್ಲಿ ಎಂಟು. ಉಳಿದ ಮೂರನ್ನು ಕಮ್ಮಾರಿಕೆಗೆ, ಅಂದರೆ ಸ್ಮಿಥಿಂಗಿಗೆ ಹಾಕಿದರೆ ಲೈಟಿನ ಕೊರತೆ ಅಲ್ಲೇ ತುಂಬಿಬರುತ್ತದೆ.

ಮ್ಯಾಚಿಂಗ್ ಸೆಟ್ಟಿನಲ್ಲಿ ಎಡವುವವರು ಬಹಳ. ಎಬನಿ ಎದೆಕವಚಕ್ಕೆ ಡೇಡ್ರಿಕ್ ಶಿರಸ್ತ್ರಾಣ ತೊಟ್ಟರೆ ರೇಟಿಂಗ್ ಏರಿದಂತೆ ಕಂಡರೂ ಒಂದೇ ಜಾತಿ ಎಂಬ ಶೇ 25 ಕೈತಪ್ಪುತ್ತದೆ. ಮಂತ್ರ ಹಾಕಿದ ಬಟ್ಟೆಯ ಟೊಪ್ಪಿಗೆ ತೊಟ್ಟರೆ ಎರಡೂ ಇಪ್ಪತ್ತೈದು ಹೋಗುತ್ತವೆ.

ಬಿಡಬೇಕಾದ್ದು, ಹಿಡಿಯಬೇಕಾದ್ದು

ಹೆವಿ ದಾರಿಯವರು ಡ್ವಾರ್ವೆನ್ ಸೆಟ್ ಬಿಟ್ಟುಬಿಡಿ. ತಾಮ್ರದ ಕೊಡದಂತೆ ಹೊಳೆಯುತ್ತದೆ, ನೋಡಲು ಚೆಂದವೇ. ಆದರೆ ರೇಟಿಂಗ್ 78ಕ್ಕೆ ತೂಕ 75. ಸ್ಟೀಲ್ ಪ್ಲೇಟಿನ ರೇಟಿಂಗ್ 87, ತೂಕ 59. ಎರಡು ಲೆಕ್ಕದಲ್ಲೂ ಸ್ಟೀಲ್ ಪ್ಲೇಟೇ ಮೇಲು. ಸ್ಮಿಥಿಂಗ್ 50ಕ್ಕೆ ಅಡ್ವಾನ್ಸ್ಡ್ ಆರ್ಮರ್ಸ್ ಪರ್ಕ್ ಪಡೆದರೆ ಅದನ್ನು ನೀವೇ ಮಾಡಿಕೊಳ್ಳಬಹುದು. ಆಮೇಲೆ ಎಬನಿ (ರೇಟಿಂಗ್ 96, ತೂಕ 62). ಡೇಡ್ರಿಕ್ 108, ತೂಕ 81. ಅದಕ್ಕೆ ಸ್ಮಿಥಿಂಗ್ 90 ಬೇಕು, ತುಣುಕಿಗೊಂದು ಡೇಡ್ರಾ ಹೃದಯವೂ ಬೇಕು. ಡ್ರ್ಯಾಗನ್‌ಪ್ಲೇಟ್ 102ಕ್ಕೆ ತೂಕ 64. ಹೆವಿಯಲ್ಲಿ ಕೊನೆಗೆ ನಿಲ್ಲಬೇಕಾದ್ದು ಇಲ್ಲಿ ಎಂಬುದು ನಮ್ಮ ಆಯ್ಕೆ.

ಲೈಟ್ ದಾರಿಯಲ್ಲಿ ಲೆದರ್ (52, ತೂಕ 12), ಸ್ಕೇಲ್ಡ್ (64, ತೂಕ 12), ಗ್ಲಾಸ್ (76, ತೂಕ 13), ಡ್ರ್ಯಾಗನ್‌ಸ್ಕೇಲ್ (82, ತೂಕ 20). ನಡುವೆ ಎಲ್ವೆನ್ ಇದೆ, ತೂಕ 7 ಮಾತ್ರ. ಆದರೆ ರೇಟಿಂಗ್ 58 ಇರುವುದರಿಂದ ಸ್ಕೇಲ್ಡ್ ಕೈಯಲ್ಲಿದ್ದರೆ ಅದಕ್ಕಾಗಿ ಖರ್ಚು ಮಾಡಬೇಕಿಲ್ಲ.

130ರ ಗುರಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಕವಚದ ಆಯ್ಕೆಯೆಲ್ಲ ಈ ಗುಣಾಕಾರದಲ್ಲಿದೆ. ಸ್ಕಿಲ್ 100 ಆದಾಗ ರೇಟಿಂಗ್ 1.4 ಪಟ್ಟು. ಐದು ಹಂತದ ಪರ್ಕ್‌ನಿಂದ 2 ಪಟ್ಟು. ಎರಡು ಇಪ್ಪತ್ತೈದುಗಳಿಂದ 1.25, ಮತ್ತೊಮ್ಮೆ 1.25. ಎಲ್ಲ ಗುಣಿಸಿದರೆ 4.375. 567ನ್ನು ಇದರಿಂದ ಭಾಗಿಸಿದರೆ ಸುಮಾರು 130. ಅಂದರೆ ಕವಚದ ಮೂಲ ರೇಟಿಂಗೂ ಕಮ್ಮಾರಿಕೆಯ ಹೆಚ್ಚಳವೂ ಸೇರಿ 130 ಆದರೆ ಮುಗಿಯಿತು.

ವರ್ಕ್‌ಬೆಂಚಿನಲ್ಲಿ ಕವಚ ಹಣಿದರೆ ಅದು ಫೈನ್, ಸುಪೀರಿಯರ್, ಎಕ್ಸ್‌ಕ್ವಿಸಿಟ್, ಫ್ಲಾಲೆಸ್, ಎಪಿಕ್, ಲೆಜೆಂಡರಿ ಎಂದು ಏರುತ್ತದೆ. ಲೆಜೆಂಡರಿಗೆ ಎದೆಕವಚಕ್ಕೆ 20, ಉಳಿದ ಮೂರಕ್ಕೆ ಹತ್ತು ಹತ್ತು, ಒಟ್ಟು 50 ಅಂಕ ಸೇರುತ್ತದೆ. ಈಗ ಕೂಡಿಸಿ ನೋಡಿ. ಡ್ರ್ಯಾಗನ್‌ಸ್ಕೇಲ್ 82ಕ್ಕೆ 50 ಸೇರಿ 132. ಗುರಿ ದಾಟಿತು. ಗ್ಲಾಸ್ 126, ಅಂದರೆ ರೇಟಿಂಗ್ ಸುಮಾರು 551. ಸಾಮಾನ್ಯ ಸ್ಟೀಲ್ ಸೆಟ್ 72ಕ್ಕೆ 50 ಸೇರಿ 122, ರೇಟಿಂಗ್ 533. ರೇಟಿಂಗಿಗೆ 50 ಸೇರಿಸುವ ಲಾರ್ಡ್ ಸ್ಟೋನ್ ಎಂಬ ವರದ ಕಲ್ಲು ಮುಟ್ಟಿದರೆ ಗ್ಲಾಸೂ ಸ್ಟೀಲೂ ಎರಡೂ 567 ದಾಟುತ್ತವೆ. ಡೇಡ್ರಿಕ್ ತೊಟ್ಟವರು ಮೂರನೆಯ ಹಂತದ ಎಕ್ಸ್‌ಕ್ವಿಸಿಟ್‌ಗೇ ಗುರಿ ಮುಟ್ಟಿರುತ್ತಾರೆ, ಆಮೇಲೆ ಹಣಿದದ್ದೆಲ್ಲ ವ್ಯರ್ಥ. ಅಂಕಗಳನ್ನು ಆಟ ತುಣುಕು ತುಣುಕಾಗಿ ಪೂರ್ಣಗೊಳಿಸುವುದರಿಂದ ಪರದೆಯಲ್ಲಿ ಒಂದೆರಡು ಅಂಕ ಆಚೀಚೆ ಕಾಣಬಹುದು.

ಹಣಿಯುವ ಕ್ರಮ

ಮುಂಗಾರಿಗೆ ಮುಂಚೆ ನೇಗಿಲ ಕುಳ ಹಣಿಸಲು ಕುಲುಮೆಗೆ ಹೋಗುವ ರೈತರು ಹೊಸ ಕುಳ ಕೊಳ್ಳುವುದಿಲ್ಲ, ಇದ್ದದ್ದನ್ನೇ ಹದ ಮಾಡಿಸುತ್ತಾರೆ. ಸ್ಮಿಥಿಂಗ್ ಕೂಡ ಅದೇ ಕೆಲಸ. ಕವಚಕ್ಕೆ ವರ್ಕ್‌ಬೆಂಚ್, ಆಯುಧಕ್ಕೆ ಸಾಣೆಕಲ್ಲು. ಫೋರ್ಜ್ ಇರುವುದು ಹೊಸದನ್ನು ಮಾಡಲು. ವೈಟ್‌ರನ್ ಊರಬಾಗಿಲ ಪಕ್ಕದ ವಾರ್‌ಮೇಡನ್ಸ್ ಅಂಗಡಿಯಲ್ಲಿ ಇವೆಲ್ಲವೂ, ಅದಿರು ಕರಗಿಸುವ ಸ್ಮೆಲ್ಟರೂ ಒಂದೇ ಕಡೆ ಇವೆ.

ಒಂದು ತುಣುಕು ಹಣಿಯಲು ಅದೇ ಜಾತಿಯ ಒಂದು ಗಟ್ಟಿ ಸಾಕು: ಸ್ಟೀಲಿಗೆ ಸ್ಟೀಲ್ ಗಟ್ಟಿ, ಸ್ಕೇಲ್ಡ್‌ಗೆ ಕೊರಂಡಮ್, ಗ್ಲಾಸಿಗೆ ರಿಫೈನ್ಡ್ ಮ್ಯಾಲಕೈಟ್, ಎಬನಿಗೂ ಡೇಡ್ರಿಕ್‌ಗೂ ಎಬನಿ. ಆ ಲೋಹದ ಸ್ಮಿಥಿಂಗ್ ಪರ್ಕ್ ಇದ್ದರೆ ಸ್ಕಿಲ್ 91ಕ್ಕೆ ಲೆಜೆಂಡರಿ ಸಿಗುತ್ತದೆ. ಪರ್ಕ್ ಇಲ್ಲದಿದ್ದರೆ ಸ್ಕಿಲ್ 100 ಆದರೂ ಫ್ಲಾಲೆಸ್‌ಗೆ ನಿಲ್ಲುತ್ತದೆ. ಇದ್ದ ಗಟ್ಟಿಗಳನ್ನೆಲ್ಲ ಅರ್ಧ ಸ್ಕಿಲ್‌ನಲ್ಲೇ ಸುರಿಯುವುದಕ್ಕಿಂತ ಕೊನೆಯವರೆಗೆ ತೊಡುವ ಕವಚವನ್ನು ಒಂದೇ ಸಲ ಹಣಿಯುವುದು ಮೇಲು, ಏಕೆಂದರೆ ಸ್ಕಿಲ್ ಏರಿದ ಮೇಲೆ ಮತ್ತೆ ಹಣಿಯಲು ಮತ್ತೊಂದು ಗಟ್ಟಿ ಬೇಕು.

ಸ್ಮಿಥಿಂಗ್ ಏರಿಸುವ ಔಷಧದ ಬಲ 30 ಸೆಕೆಂಡು ಮಾತ್ರ. ಬೆಂಚಿನ ಎದುರು ನಿಂತು ಕುಡಿದು ತಕ್ಷಣ ಮೆನು ತೆರೆಯಿರಿ. ಮೆನು ತೆರೆದಿರುವಾಗ ಆಟದ ಗಡಿಯಾರ ನಿಂತಿರುತ್ತದೆ, ನಾಲ್ಕೂ ತುಣುಕನ್ನು ನಿಧಾನವಾಗಿಯೇ ಹಣಿಯಬಹುದು. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಆದರೆ, ಕುಡಿಯುವ ಮುಂಚೆ ಎಫ್5 ಒತ್ತಿ ಸೇವ್ ಮಾಡಿ. ಕರೆಂಟ್ ಹೋದರೆ ಔಷಧವೂ ಗಟ್ಟಿಯೂ ಉಳಿಯುತ್ತವೆ.

ಮಂತ್ರ ಹಾಕುವುದಿದ್ದರೆ ಮೊದಲು ಹಣಿದು ಆಮೇಲೆ ಹಾಕಿ. ಮಂತ್ರ ಹಾಕಿದ ಕವಚ ಹಣಿಯಲು ಸ್ಮಿಥಿಂಗ್ 60ರ ಆರ್ಕೇನ್ ಬ್ಲ್ಯಾಕ್‌ಸ್ಮಿತ್ ಪರ್ಕ್ ಬೇಕಾಗುತ್ತದೆ. ಮೊದಲೇ ಹಣಿದಿದ್ದರೆ ಮಂತ್ರ ಹಾಕಿದ ಮೇಲೂ ಆ ಹೆಚ್ಚಳ ಹಾಗೆಯೇ ಇರುತ್ತದೆ. ಎನ್‌ಚಾಂಟಿಂಗ್ 100ಕ್ಕೆ ಸಿಗುವ ಎಕ್ಸ್‌ಟ್ರಾ ಎಫೆಕ್ಟ್‌ನಿಂದ ಒಂದು ತುಣುಕಿಗೆ ಎರಡು ಮಂತ್ರ ಕೂರುತ್ತವೆ. ಸಾಧ್ಯವಿದ್ದರೆ ಅಲ್ಲಿಯವರೆಗೆ ಕಾಯಿರಿ.

ಬೆಂಕಿಗೆ ಕವಚ ತಡೆಯಲ್ಲ

567 ಮುಟ್ಟಿದ ಮೇಲೂ ಡ್ರ್ಯಾಗನ್ ಉಸಿರಿಗೆ ಸುಟ್ಟು ಬೀಳುವವರಿದ್ದಾರೆ. ಆರ್ಮರ್ ರೇಟಿಂಗ್ ಬೆಂಕಿ, ಹಿಮ, ಸಿಡಿಲು ಯಾವುದನ್ನೂ ತಡೆಯುವುದಿಲ್ಲ. ಅದಕ್ಕೆ ಮ್ಯಾಜಿಕ್ ರೆಸಿಸ್ಟೆನ್ಸ್ ಬೇರೆಯೇ ಕೂಡಿಸಬೇಕು, ಅದರ ಮಿತಿ ಶೇ 85. ಲಾರ್ಡ್ ಸ್ಟೋನ್ ಶೇ 25, ಆಲ್ಟರೇಷನ್ ಎಂಬ ಮಂತ್ರವಿದ್ಯೆಯ ಪರ್ಕ್‌ನ ಮೂರು ಹಂತ ಸೇರಿ ಶೇ 30, ರಿಫ್ಟನ್‌ನ ಮಾರಾ ಗುಡಿಯ ಬುಕ್ ಆಫ್ ಲವ್ ಕೆಲಸ ಮುಗಿಸಿದರೆ ಶೇ 15. ಇಷ್ಟಕ್ಕೇ 70 ಆಯಿತು. ಬ್ರೆಟನ್ ಕುಲದವರಿಗೆ ಹುಟ್ಟಿನಿಂದಲೇ ಬರುವ 25 ಸೇರಿದರೆ ಮಿತಿ ದಾಟಿಯೇ ಹೋಗುತ್ತದೆ.

ಒಂದು ಸಲಕ್ಕೆ ಒಂದೇ ಕಲ್ಲಿನ ವರ ಎಂಬುದು ನೆನಪಿರಲಿ. ಭಾರ ಕಳೆದು 100 ಹೆಚ್ಚು ಹೊರಿಸುವ ಸ್ಟೀಡ್ ಸ್ಟೋನ್ ಹಿಡಿದರೆ ಲಾರ್ಡ್ ಸ್ಟೋನಿನ ಎರಡೂ ಲಾಭ ಬಿಡಬೇಕು. ಕಂಡೀಷನಿಂಗ್ ಸಿಗುವವರೆಗೆ ಹೆವಿಯವರು ಸ್ಟೀಡ್ ಇಟ್ಟುಕೊಳ್ಳಲಿ, ಸಿಕ್ಕ ದಿನವೇ ಲಾರ್ಡ್‌ಗೆ ಬದಲಿಸಲಿ.

ಕೊನೆಗೆ ಐಟಂ ಪಟ್ಟಿ ತೆರೆದು ಕೆಳಗಿನ ಸಾಲಿನ ಆರ್ಮರ್ ಅಂಕಿ ನೋಡಿ. 567ಕ್ಕಿಂತ ಒಂದೇ ಒಂದು ಹೆಚ್ಚು ತೋರಿಸಿದರೂ ವರ್ಕ್‌ಬೆಂಚಿನಿಂದ ಏಳಿ. ಉಳಿದ ಗಟ್ಟಿಗಳನ್ನು ಕತ್ತಿಗೆ ಎತ್ತಿಟ್ಟುಕೊಂಡು ಪಕ್ಕದ ಸಾಣೆಕಲ್ಲಿಗೆ ಹೋಗಿ.