ಸೆಪ್ಟಿಕ್ ಟ್ಯಾಂಕ್: ನೀರು ನೋಡಬೇಡಿ, ಗಸಿ ಅಳೆಯಿರಿ

ಮುಚ್ಚಳ ತೆಗೆದಾಗ ನೀರು ಮೇಲ್ಮಟ್ಟದವರೆಗೆ ಕಂಡರೆ ‘ಟ್ಯಾಂಕ್ ತುಂಬಿತು’ ಎಂದು ಗಾಬರಿಯಾಗುವವರೇ ಹೆಚ್ಚು. ಹೊರಹೋಗುವ ಪೈಪಿನ ಮಟ್ಟಕ್ಕೆ ನೀರು ನಿಂತಿರುವುದೇ ಸೆಪ್ಟಿಕ್ ಟ್ಯಾಂಕಿನ ಸರಿಯಾದ ಸ್ಥಿತಿ. ಹೊಸ ಟ್ಯಾಂಕಿಗೂ ಮೊದಲು ಆ ಮಟ್ಟದವರೆಗೆ ನೀರು ತುಂಬಿಸಿಯೇ ಬಳಕೆ ಶುರುಮಾಡಬೇಕು. ಗಮನಿಸಬೇಕಾದ್ದು ತಳದಲ್ಲಿ ಕೂತ ಗಸಿ ಮತ್ತು ಮೇಲೆ ತೇಲುವ ಜಿಡ್ಡಿನ ಪದರ. ಇವೆರಡೂ ಸೇರಿ ನೀರಿನ ಆಳದ ಮೂರನೇ ಒಂದು ಭಾಗ ಆಗುವ ಹೊತ್ತಿಗೆ ತೆಗೆಸಿಬಿಡಿ. ಸಾಮಾನ್ಯವಾಗಿ 2–3 ವರ್ಷಕ್ಕೊಮ್ಮೆ ಈ ಕೆಲಸ ಬರುತ್ತದೆ.

ಗಸಿ ಅಳೆಯಲು 8 ಅಡಿಯ ಬಿದಿರು ಕೋಲು ಸಾಕು. ಕೆಳಗಿನ 3 ಅಡಿಗೆ ಹಳೆಯ ಬಿಳಿ ಟವೆಲ್ ಬಿಗಿಯಾಗಿ ಸುತ್ತಿ ದಾರ ಕಟ್ಟಿ. ಕಕ್ಕಸಿನ ಪೈಪ್ ಬಂದು ಬೀಳುವ ಮೊದಲ ಕೋಣೆಯ ಮುಚ್ಚಳ ತೆಗೆದು ಅರ್ಧ ಗಂಟೆ ಹಾಗೇ ಬಿಡಿ. ಆಮೇಲೆ ಕೋಲನ್ನು ತಳ ಮುಟ್ಟುವವರೆಗೆ ಇಳಿಸಿ, 5 ನಿಮಿಷ ಹಿಡಿದು, ನಿಧಾನವಾಗಿ ಮೇಲೆತ್ತಿ. ದಪ್ಪ ಕಪ್ಪು ಕಲೆ ಎಷ್ಟು ಎತ್ತರಕ್ಕಿದೆಯೋ ಅಷ್ಟು ಗಸಿ. ಕೈಗವಸು ಇರಲಿ, ಗುಂಡಿಯೊಳಗೆ ಬಗ್ಗಿ ನೋಡಬೇಡಿ, ಬೀಡಿ–ಬೆಂಕಿಕಡ್ಡಿ ಹತ್ತಿರ ಬರಬಾರದು. ಒಳಗಿನ ಮೀಥೇನ್ ಹೊತ್ತಿಕೊಳ್ಳುತ್ತದೆ.

ನೀರಿನ ಮಟ್ಟವೂ ಒಂದು ಮಾತು ಹೇಳುತ್ತದೆ. ಕಕ್ಕಸಿನಲ್ಲಿ ನೀರು ಇಳಿಯುತ್ತಿಲ್ಲ, ಟ್ಯಾಂಕಿನಲ್ಲಿ ಮಟ್ಟ ಸರಿಯಾಗಿದೆ ಎಂದರೆ ನಡುವಿನ ಪೈಪ್ ಕಟ್ಟಿದೆ. ಮಟ್ಟ ಹೊರಪೈಪಿಗಿಂತ ಮೇಲೇರಿದ್ದರೆ ಹೊರಪೈಪು ಕಟ್ಟಿದೆ ಇಲ್ಲವೇ ಟ್ಯಾಂಕಿನಿಂದ ಹೊರಬಂದ ನೀರು ನೆಲಕ್ಕೆ ಇಂಗುವ ಇಂಗುಗುಂಡಿ ನೀರು ಹೀರುತ್ತಿಲ್ಲ. ಮಟ್ಟ ಕೆಳಗಿದ್ದರೆ ಗೋಡೆ ಬಿರುಕುಬಿಟ್ಟು ಸೋರುತ್ತಿದೆ. ಮನೆಯಲ್ಲಿ ಬಾವಿ ಇದ್ದರೆ ಇದನ್ನು ಒಂದು ದಿನವೂ ಮುಂದೂಡಬೇಡಿ. ಇಂಗುಗುಂಡಿಯಿಂದ ಬಾವಿಗೆ ಕನಿಷ್ಠ 60 ಅಡಿ ಅಂತರ ಬೇಕು. ಕರಾವಳಿಯ ಮುರಕಲ್ಲಿನ ನೆಲದಲ್ಲಿ ನೀರು ಬೇಗ ಹರಿದುಹೋಗುವುದರಿಂದ ಅದೂ ಸಾಲದು.

ಇಂಗುಗುಂಡಿ ಕಟ್ಟಿಕೊಳ್ಳಲು ಅಡುಗೆಮನೆಯ ಜಿಡ್ಡು ದೊಡ್ಡ ಕಾರಣ. ಮುಸುರೆ ನೀರು, ಬಟ್ಟೆ ಒಗೆದ ನೀರು, ಚಾವಣಿಯ ಮಳೆನೀರು ಯಾವುದನ್ನೂ ಟ್ಯಾಂಕಿಗೆ ಬಿಡಬೇಡಿ. ಹೆಚ್ಚು ನೀರು ರಭಸದಿಂದ ಬಂದರೆ ಗಸಿ ಕೂರಲು ಪುರುಸೊತ್ತಿಲ್ಲದೆ ಇಂಗುಗುಂಡಿಗೆ ಕೊಚ್ಚಿಹೋಗುತ್ತದೆ. ಪ್ಯಾಡ್, ಡೈಪರ್, ಕೂದಲು, ಬಟ್ಟೆಚೂರು ಕರಗುವುದಿಲ್ಲ. ಆಸಿಡ್, ಬ್ಲೀಚಿಂಗ್ ಪೌಡರ್ ಸುರಿದರೆ ಮಲ ಕರಗಿಸುವ ಬ್ಯಾಕ್ಟೀರಿಯಾಗಳೇ ಸಾಯುತ್ತವೆ. ಕಮೋಡ್ ತೊಳೆಯಲು ಸೋಪುಪುಡಿ, ಬ್ರಷ್ ಸಾಕು. ಅಂಗಡಿಯ ಬ್ಯಾಕ್ಟೀರಿಯಾ ಪುಡಿಯೂ ಬೇಕಿಲ್ಲ. ದಿನವೂ ಬರುವ ಮಲದಲ್ಲೇ ಅವು ಧಾರಾಳವಾಗಿವೆ.

ಸಕ್ಕಿಂಗ್ ಗಾಡಿಯನ್ನು ಮಾರ್ಚ್–ಏಪ್ರಿಲ್‌ನಲ್ಲೇ ಕರೆಸಿ. ಮಳೆಗಾಲದಲ್ಲಿ ಅಂತರ್ಜಲ ಮೇಲೆ ಬಂದಾಗ ಬರಿದಾದ ಟ್ಯಾಂಕಿನ ಗೋಡೆಯನ್ನು ಹೊರಗಿನ ನೀರು ಒತ್ತಿ ಒಡೆಯಬಹುದು, ಹಗುರ ಟ್ಯಾಂಕಾದರೆ ಎತ್ತಿಯೇ ಬಿಡಬಹುದು. ಎರಡೂ ಕೋಣೆಗಳಿಂದ ಎಳೆಸಿ. ತೆಳು ನೀರನ್ನಷ್ಟೇ ಎಳೆದು ಹೊರಟುಬಿಡುವವರಿದ್ದಾರೆ. ಗಸಿಯನ್ನು ನೀರು ಹಾಯಿಸಿ ಕಲಕಿಸಿ ತೆಗೆಸಬೇಕು. ತಳದಲ್ಲಿ ಒಂದೆರಡು ಇಂಚು ಉಳಿಯಲಿ, ಹೊಸ ಮಲ ಕೊಳೆಯಲು ಅದೇ ಹೆಪ್ಪು. ಆಸಿಡ್ ಹಾಕಿ ತೊಳೆಸಬೇಡಿ. ಒಳಬರುವ, ಹೊರಹೋಗುವ ಕಡೆಯ ‘ಟಿ’ ಪೈಪುಗಳು ಮುರಿದಿಲ್ಲವೆಂದು ಮೇಲಿನಿಂದಲೇ ಟಾರ್ಚ್ ಹಾಕಿ ನೋಡಿ, ಬಳಿಕ ನೀರು ತುಂಬಿಸಿ.

ಕೊನೆಯ ಗಸಿ ಗಟ್ಟಿಯಾಗಿದೆ, ಒಬ್ಬರನ್ನು ಇಳಿಸೋಣ ಎಂದು ಯಾರೇ ಹೇಳಲಿ, ಒಪ್ಪಬೇಡಿ. ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ, ಹೆಚ್ಚಾದಾಗ ಮೂಗಿಗೆ ವಾಸನೆಯೇ ಗೊತ್ತಾಗದು. ಇಳಿದವರು ಕ್ಷಣದಲ್ಲಿ ಕುಸಿಯುತ್ತಾರೆ, ಎತ್ತಲು ಇಳಿದವರೂ ಅಲ್ಲೇ ಸಾಯುತ್ತಾರೆ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಟ್ಯಾಂಕಿಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಜೈಲುಶಿಕ್ಷೆಯ ಅಪರಾಧ. ಗಸಿ ಗಟ್ಟಿಯಾಗಿದ್ದರೆ ಇನ್ನೊಂದು ಟ್ಯಾಂಕರ್ ನೀರು ಬಿಟ್ಟು ಕಲಕಿಸಿ, ಖರ್ಚು ಎಷ್ಟಾದರೂ ಸರಿ.

ಕೆಲಸ ಮುಗಿದ ಮೇಲೆ ಚಪ್ಪಡಿಯ ಅಂಚಿಗೆ ತೆಳು ಗಾರೆ ಬಳಿದು ಮುಚ್ಚಿ. ಗಾಳಿಪೈಪಿನ ಬಾಯಿಗೆ ನೈಲಾನ್ ಸೊಳ್ಳೆಪರದೆ ಕಟ್ಟಿ. ಕಬ್ಬಿಣದ ಜಾಲರಿಯನ್ನು ಒಳಗಿನ ಅನಿಲ ಬೇಗ ತಿಂದುಹಾಕುತ್ತದೆ.