ಬೋಳು ಪದವಿನಲ್ಲಿ ಇಂಗಾಲ ಹಿಡಿದಿಡುವ ಬಗೆ

ಉಡುಪಿಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಮಳೆ ಬಂದರೇನು, ನಮ್ಮ ಹಿರಿಯಡ್ಕದ ಕಡೆಯ ಪದವು, ಅಂದರೆ ಮುರಕಲ್ಲಿನ (ಜಂಬಿಟ್ಟಿಗೆಯ) ಎತ್ತರದ ಬಯಲು, ಮಾರ್ಚ್ ಹೊತ್ತಿಗೆ ಒಣನಾಡು ಚಳ್ಳಕೆರೆಯ ಹುಲ್ಲುಗಾವಲಿನಂತೆ ಒಣಗಿ ನಿಲ್ಲುತ್ತದೆ. ಇಂಥ ಮೇವಿನ ನೆಲದಲ್ಲಿ ಇಂಗಾಲದ ದೊಡ್ಡ ಪಾಲು ಇರುವುದು ಮಣ್ಣಿನೊಳಗೆ, ಹುಲ್ಲಿನ ಬೇರು ಕೊಳೆಯುವಲ್ಲಿ. ಆದ್ದರಿಂದ ಗುಂಡಿ ತೋಡಿ ಗಿಡ ನೆಡುವ ಹಾರೆ, ಪಿಕ್ಕಾಸು ಸದ್ಯಕ್ಕೆ ಕೊಟ್ಟಿಗೆಯಲ್ಲೇ ಇರಲಿ. ಅಕೇಶಿಯಾ ಬೇಗ ಬೆಳೆಯುತ್ತದೆ, ನಿಜ. ಕಡಿದು ಸೌದೆ ಮಾಡಿ ಉರಿಸಿದರೆ ಹಿಡಿದದ್ದೆಲ್ಲ ಮತ್ತೆ ಗಾಳಿಗೇ.

ಮಾಡಬೇಕಾದದ್ದು ದನ ತಡೆಯುವುದು. ಪತ್ತನಾಜೆಯಿಂದ (ಮೇ ಕೊನೆಯ ಹೊತ್ತು) ದೀಪಾವಳಿ ಕಳೆಯುವವರೆಗೆ ಬಿಡಬೇಡಿ. ಮುಳಿಹುಲ್ಲು ಬೀಜ ಉದುರಿಸಿದ ಮೇಲೆ ಕೊಯ್ಯಿರಿ, ಗೇಣುದ್ದ ಬುಡ ಉಳಿಸಿ. ಜನವರಿಯೊಳಗೆ ಸುತ್ತಲೂ ಹುಲ್ಲು ಕೆತ್ತಿ ಬೆಂಕಿಗೆರೆ ತೆಗೆಯಿರಿ. ಬೀಡಿ ಎಸೆಯುವವರಿಗೆ ಬುದ್ಧಿ ಹೇಳುವುದಕ್ಕಿಂತ ಇದು ಸುಲಭ. ಇಳಿಜಾರಿಗೆ ಅಡ್ಡವಾಗಿ ಮುರಕಲ್ಲಿನ ಚೂರುಗಳನ್ನು ಸಾಲಾಗಿ ಇಟ್ಟರೆ ಮಳೆನೀರಿನ ಜೊತೆ ಓಡುವ ಮಣ್ಣು, ತರಗೆಲೆ, ಬೀಜ ಅಲ್ಲೇ ತಂಗುತ್ತವೆ. ಕೇಪಳ, ಕುಂಟುನೇರಳೆ ಅಲ್ಲಿಂದ ತಾವಾಗಿಯೇ ಎದ್ದಾವು. ಮಣ್ಣು ಆಳವಿರುವಲ್ಲಿ ಮಾತ್ರ ಕಾಟುಮಾವು ನೆಡಿ. ಚಪ್ಪಟೆ ಪಾದೆಗಲ್ಲಿನ ಮೇಲೆ ಏನೂ ಬೇಡ. ಮಳೆಗಾಲದಲ್ಲಿ ಅಲ್ಲಿ ನೀಲಿ ಹೂವಿನ ಕೀಟಾಹಾರಿ ಗಿಡಗಳಿಗೆ ಜಾಗ ಬೇಕು.

ಲೆಕ್ಕ ಮಾತ್ರ ಮೊದಲ ವರ್ಷವೇ ಶುರುವಾಗಬೇಕು. ಬೇಸಿಗೆಯಲ್ಲಿ ಹಲವು ಕಡೆ 15 ಸೆಂಟಿಮೀಟರ್ ಆಳದ ಮಣ್ಣು ತೆಗೆದು, 2 ಮಿಲಿಮೀಟರ್ ಜರಡಿ ಹಿಡಿದು ಪರೀಕ್ಷೆಗೆ ಕೊಡಿ. ಜೊತೆಗೆ ಅಳತೆ ಗೊತ್ತಿರುವ ಕೊಳವೆಯನ್ನು ನೆಲಕ್ಕೆ ಇಳಿಸಿ ಅದರಲ್ಲಿ ತುಂಬಿದ ಮಣ್ಣನ್ನು ಒಣಗಿಸಿ ತೂಗಿ. ಆ ತೂಕವನ್ನು ಕೊಳವೆಯ ಒಳಗಾತ್ರದಿಂದ ಭಾಗಿಸಿದರೆ ಮಣ್ಣಿನ ಸಾಂದ್ರತೆ. ಸಾವಯವ ಇಂಗಾಲ ಶೇಕಡಾ 1.2, ಸಾಂದ್ರತೆ ಘನ ಸೆಂಟಿಮೀಟರಿಗೆ 1.1 ಗ್ರಾಂ ಎಂದುಕೊಳ್ಳಿ: ಇವೆರಡನ್ನೂ ಆಳದಿಂದ ಗುಣಿಸಿದರೆ 1.2 × 1.1 × 15, ಹೆಕ್ಟೇರಿಗೆ 19.8 ಟನ್ ಇಂಗಾಲ. ಹಿಗ್ಗಬೇಡಿ. ನಮ್ಮ ಪದವಿನಲ್ಲಿ ಅರ್ಧ ಜಾಗ ಜಲ್ಲಿಕಲ್ಲಿನದೇ ಆದರೆ ಅದನ್ನು ಕಳೆಯಬೇಕು, ಉಳಿಯುವುದು 9.9 ಟನ್. ಎಕರೆಗೆ ಸುಮಾರು 4. ಈ ಜಲ್ಲಿಯ ಕಳೆಯುವಿಕೆಯನ್ನು ಮರೆತ ವರದಿಗಳನ್ನು ನಾನು ನಂಬುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಲೆಕ್ಕ ಬೇಕಿದ್ದರೆ 3.67ರಿಂದ ಗುಣಿಸಿ.

ಕಾರ್ಬನ್ ಕ್ರೆಡಿಟ್, ಅಂದರೆ ಹಿಡಿದಿಟ್ಟ ಇಂಗಾಲದ ಲೆಕ್ಕವನ್ನು ದುಡ್ಡಿಗೆ ಮಾರಿಸಿಕೊಡುತ್ತೇವೆ ಎಂದು ಯಾರಾದರೂ ಬಂದರೆ ಮೊದಲು ಪಹಣಿ ತೆಗೆದು ನೋಡಿ. ನಮ್ಮ ಪಟ್ಟಾ ಜಾಗಕ್ಕೆ ತಾಗಿಕೊಂಡಿರುವ ಕುಮ್ಕಿ ಸರ್ಕಾರದ ಜಮೀನು. ನಮಗಿರುವುದು ಸೊಪ್ಪು, ಹುಲ್ಲು, ಸೌದೆಯ ಸವಲತ್ತು ಮಾತ್ರ.

ಎರಡನೆಯ ಪರೀಕ್ಷೆ ಐದು ವರ್ಷದ ನಂತರ ಸಾಕು, ಅದೇ ತಿಂಗಳಲ್ಲಿ, ಅದೇ ಗುರುತಿನ ಜಾಗಗಳಲ್ಲಿ. ಗುರುತಿಗೆ ಮರದ ಗೂಟ ಬೇಡ, ಗೆದ್ದಲು ತಿನ್ನುತ್ತದೆ. ಕಲ್ಲು ನೆಟ್ಟು ಬಣ್ಣ ಬಳಿಯಿರಿ.