ಮಗು ಉಳಿಯದ ತಾಯಿಗೆ ಬೇರೆ ರೂಮು: ನಮ್ಮ ವಾರ್ಡಿನ ಅನುಭವ

ಮಗು ಕಳೆದುಕೊಂಡವಳನ್ನು ಬಾಣಂತಿಯರ ಮಧ್ಯೆ ಮಲಗಿಸಬಾರದು, ಗಂಡನನ್ನೂ ಒಳಗೆ ಬಿಡಬೇಕು ಅಂತ ನಾನು ಹೇಳಿದಾಗ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಯಾರೂ ಒಪ್ಪಲಿಲ್ಲ. ಬೆಡ್ಡೇ ಸಾಲಲ್ಲ, ಇದೆಲ್ಲ ದೊಡ್ಡ ಆಸ್ಪತ್ರೆಯವರ ಕೆಲಸ ಅಂದರು. ಈಗ ಎರಡು ವರ್ಷದ ಮೇಲಾಯಿತು, ಚೆನ್ನಾಗಿ ನಡೆಯುತ್ತಿದೆ. ಪಕ್ಕದ ತಾಲ್ಲೂಕಿನ ಸಿಸ್ಟರ್‌ಗಳೂ ಬಂದು ನೋಡಿಕೊಂಡು ಹೋದರು.

ಮೊದಲು ಪರದೆ ಕಟ್ಟಿಸಿದೆವು. ಬಟ್ಟೆ, ಪೈಪು, ಹೊಲಿಗೆ ಸೇರಿ ಹೆಚ್ಚುಕಮ್ಮಿ 2,000 ರೂಪಾಯಿ ದಂಡ. ಪರದೆ ಕಣ್ಣಿಗೆ ಅಡ್ಡ ಬರುತ್ತೆ, ಕಿವಿಗೆ ಬರಲ್ಲ ಅಲ್ವಾ. ಆಚೆ ಮಗು ಅತ್ತರೆ ಇವಳಿಗೆ ಹಾಲು ಸೋರುತ್ತಿತ್ತು. ಕೊನೆಗೆ ಬೆಡ್‌ಶೀಟ್ ಇಡುವ ಸ್ಟೋರ್ ರೂಮು ಖಾಲಿ ಮಾಡಿಸಿ, ಫ್ಯಾನ್ ರಿಪೇರಿ ಮಾಡಿಸಿ, ಒಂದು ಮಂಚ, ಗಂಡನಿಗೆ ಒಂದು ಕುರ್ಚಿ ಹಾಕಿದೆವು. ಐದು ಸಾವಿರದ ಒಳಗೆ ಮುಗಿಯಿತು, ನಾವು ಸಿಸ್ಟರ್‌ಗಳೇ ಕೈಯಿಂದ ಹಾಕಿದ್ದು. ಆ ಕುರ್ಚಿ ಮುಖ್ಯ. ಸಹಿ ಹಾಕುವುದು, ಮಣ್ಣಿಗೆ ಏರ್ಪಾಡು ಮಾಡುವುದು ಅಂತ ಅವನನ್ನು ಓಡಾಡಿಸುತ್ತಾರೆ, ಅವನ ಮಗುವೂ ಹೋಗಿದೆ ಅನ್ನೋದು ಯಾರಿಗೂ ನೆನಪಿರಲ್ಲ.

ತೀರಿಕೊಂಡ ಮಗುವನ್ನು ತಂದೆತಾಯಿಗೆ ತೋರಿಸುವ ವಿಷಯಕ್ಕೇ ಜಾಸ್ತಿ ಜಗಳ ಆಗಿದ್ದು. ನಾನು ಯಾರಿಗೂ ಬಲವಂತ ಮಾಡಲ್ಲ. ಒಂದು ಸಲ ಕೇಳಿ ಬಿಡುತ್ತೇನೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತೇನೆ. ಚರ್ಮ ಸುಲಿದಿದೆ, ತುಟಿ ಕಪ್ಪುಗೆಂಪಾಗಿದೆ ಅಂತ ಮೊದಲೇ ಹೇಳಿಬಿಡಬೇಕು. ಹಳೇ ಮೆತ್ತನೆ ಹತ್ತಿ ಬಟ್ಟೆಯನ್ನು ಸ್ವಲ್ಪ ಒದ್ದೆ ಮಾಡಿ ಸುತ್ತಿದರೆ ಚರ್ಮಕ್ಕೆ ಅಂಟಲ್ಲ. ಒಬ್ಬ ತಂದೆ ಬಟ್ಟೆ ಸರಿಸಿ ಕಾಲ್ಬೆರಳು ಒಂದೊಂದಾಗಿ ಮುಟ್ಟಿ ನೋಡಿದ, ಆಮೇಲೆ ಹೆಂಡತಿಯ ಕೈ ಹಿಡಿದು ಅವಳಿಂದಲೂ ಮುಟ್ಟಿಸಿದ. ಸ್ಟ್ಯಾಂಪ್ ಪ್ಯಾಡ್ ಇಂಕಿನಲ್ಲಿ ಪಾದದ ಗುರುತು ತೆಗೆಯೋಕೂ ನೋಡಿದೆ. ಸುಲಿದ ಚರ್ಮಕ್ಕೆ ಅದು ಆಗಲ್ಲ, ಪೆನ್ಸಿಲ್‌ನಲ್ಲಿ ಸುತ್ತ ಗೆರೆ ಎಳೆದರೆ ಸಾಕು. ಬೇಡ ಅನ್ನುವ ಅತ್ತೆಯರನ್ನು ಹೇಗೆ ಒಪ್ಪಿಸುತ್ತೇನೆ ಅಂತ ಇಲ್ಲಿ ಬರೆಯಲ್ಲ, ಎದುರಿಗೆ ಸಿಕ್ಕರೆ ಹೇಳುತ್ತೇನೆ.

ಹಾಲು ನಿಲ್ಲಿಸುವುದಕ್ಕೆ ಕ್ಯಾಬರ್ಗೊಲಿನ್ ಮಾತ್ರೆ ಇದೆ, ಆದರೆ ಇಂಥ ಕೇಸುಗಳಲ್ಲಿ ಬಿಪಿ ಇರುವವರೇ ಎಷ್ಟೋ ಜನ, ಅವರಿಗೆ ಕೊಡೋ ಹಾಗಿಲ್ಲ. ಅಂಥವರಿಗೆ ನಮ್ಮಜ್ಜಿ ಮಾಡುತ್ತಿದ್ದ ಹಾಗೆ ಎದೆಗೆ ಮಲ್ಲಿಗೆ ಕಟ್ಟಿಸಿ ನೋಡಿದೆ. ಸುಮ್ನೆ ಅಜ್ಜಿ ಮಾತಲ್ಲ, ಹಾಲು ನಿಲ್ಲಿಸುವ ಇನ್ನೊಂದು ಮಾತ್ರೆ ಬ್ರೋಮೋಕ್ರಿಪ್ಟಿನ್ ಜೊತೆ ಮಲ್ಲಿಗೆಯನ್ನು ಹೋಲಿಸಿದ ಅಧ್ಯಯನ 1988ರಲ್ಲೇ ಬಂದಿದೆ. ಬಿಗಿತ ಇಳಿದವರೇ ಜಾಸ್ತಿ. ಹೂವಿನ ರೇಟು ಏರಿದಾಗ ಮಾತ್ರ ಕಷ್ಟ.

ಡಿಸ್ಚಾರ್ಜ್ ದಿನವೇ ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ, ತಾಯಿ ಕಾರ್ಡಿನ ಎಂಟ್ರಿ ಸರಿ ಮಾಡಿಸಿ. ಇಲ್ಲದಿದ್ದರೆ ತಿಂಗಳಾದ ಮೇಲೆ ಲಸಿಕೆಗೆ ಮಗು ಕರೆತನ್ನಿ ಅಂತ ಆ ಮನೆಗೆ ಫೋನ್ ಹೋಗುತ್ತೆ. ಗಾರ್ಮೆಂಟ್ಸ್‌ಗೆ ಹೋಗುವವರಿಗೆ ರಜೆಯ ವಿಷಯ ಬಾಯಲ್ಲಿ ಹೇಳಿದರೆ ಸಾಲದು, ಬರೆದೇ ಕೊಡಿ. ಗರ್ಭ ಇಳಿದರೆ ಸಂಬಳ ಸಮೇತ 6 ವಾರ ರಜೆ. 26 ವಾರ ದಾಟಿದ ಮೇಲೆ ಮಗು ಸತ್ತು ಹುಟ್ಟಿದರೆ ಅದು ಕಾನೂನಿನ ಲೆಕ್ಕದಲ್ಲಿ ಹೆರಿಗೆಯೇ, ಪೂರ್ತಿ ಹೆರಿಗೆ ರಜೆ ಸಿಗಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಎಷ್ಟನೇ ವಾರ ಅಂತ ಡಾಕ್ಟರ್ ಕೈಯಲ್ಲಿ ಸ್ಪಷ್ಟವಾಗಿ ಬರೆಸಿ. ಅದೊಂದು ಇಲ್ಲದೆ ರಜೆ ಕಳೆದುಕೊಂಡು ಹತ್ತೇ ದಿನಕ್ಕೆ ಮೆಷಿನ್ ಮುಂದೆ ಕೂತವರನ್ನು ನಾನು ನೋಡಿದ್ದೇನೆ.